ನೋವಿಲ್ಲದ ಗಾಯ: ಆಕ್ಷೇಪಗಳಿಗೆ ಉತ್ತರ

ಲಂಡನ್ನಿನ ಎಜ್‌ವೇರ್ ಸುತ್ತಮುತ್ತಲಿನ ಕನ್ನಡ ಕುಟುಂಬಗಳು ಸೇರಿದ್ದ ಒಂದು ಸಂಜೆ ಸಕ್ಕರೆ ಕಾಯಿಲೆಯ ಬಗ್ಗೆ ನಾಲ್ಕು ಮಾತಾಡಿ ಎಂದು ನನ್ನನ್ನು ಕೇಳಿದ್ದರು. ಜೀವರಸಾಯನಶಾಸ್ತ್ರ ಓದಿದವಳಾದ್ದರಿಂದ ನನಗೆ ತಿಳಿದಿದ್ದನ್ನು ಹೇಳಿದೆ. ಹೇಳಿದ್ದು ಇಷ್ಟೆ: ರಕ್ತದಲ್ಲಿ ಸಕ್ಕರೆ ಏರಿದಾಗ ಮೊದಲ ಪೆಟ್ಟು ಬೀಳುವುದು ರಕ್ತನಾಳಗಳ ಒಳಮೈಗೆ, ಕಣ್ಣು, ಕಿಡ್ನಿ, ಹೃದಯಗಳ ಸರದಿ ಆಮೇಲೆ. ಒಳಮೈಗೆ ಬಿದ್ದ ಪೆಟ್ಟು ನೋಯುವುದಿಲ್ಲ, ಆದರೆ ಅಲ್ಲಿನ ಜೀವಕೋಶಗಳು ಅದನ್ನು ಬಹುಕಾಲ ಉಳಿಸಿಕೊಳ್ಳುತ್ತವೆ. ಹೀಗಾಗಿ ಸಕ್ಕರೆಯನ್ನು ಹತೋಟಿಗೆ ತರುವ ಕೆಲಸ ಮೊದಲ ವರ್ಷಗಳಲ್ಲೇ ಆಗಬೇಕು.

ಅಂದು ಊಟದ ಸಾಲಿನಲ್ಲೂ ಆಮೇಲೆ ಫೋನಿನಲ್ಲೂ ಬಂದ ಆಕ್ಷೇಪಗಳು ಹಲವು. ಆಕ್ಷೇಪಿಸಿದವರಲ್ಲಿ ವೈದ್ಯರಿದ್ದಾರೆ, ಎಂಜಿನಿಯರುಗಳಿದ್ದಾರೆ, ಮಕ್ಕಳ ಮನೆಗೆಂದು ಊರಿನಿಂದ ಬಂದ ಹಿರಿಯರಿದ್ದಾರೆ. ಎಲ್ಲರ ಮೇಲೂ ನನಗೆ ಗೌರವವಿದೆ. ಆದರೆ ಅವರ ಮಾತು ನಂಬಿ ಯಾರಾದರೂ ಪರೀಕ್ಷೆ ಮುಂದೂಡಿದರೆ, ಮಾತ್ರೆ ಬಿಟ್ಟರೆ, ಅದರ ಬೆಲೆ ದೊಡ್ಡದು. ಅದಕ್ಕೇ ಒಂದೊಂದನ್ನೂ ಎತ್ತಿಕೊಂಡು ಉತ್ತರಿಸುತ್ತಿದ್ದೇನೆ.

ಎಲ್ಲಕ್ಕಿಂತ ಹೆಚ್ಚು ಜನ ಆಡಿದ ಮಾತು: “ಸ್ವಲ್ಪ ಶುಗರ್ ಇದೆ ಅಷ್ಟೆ, ನನಗೇನೂ ಆಗ್ತಿಲ್ಲವಲ್ಲ. ದಿನಾ ಆಫೀಸಿಗೆ ಹೋಗ್ತೀನಿ, ಮೆಟ್ಟಿಲು ಹತ್ತುತೀನಿ, ನಿದ್ದೆ ಬರುತ್ತೆ.”

ಏನೂ ಆಗುತ್ತಿಲ್ಲ ಅನ್ನಿಸುವುದಕ್ಕೆ ಕಾರಣವಿದೆ. ರಕ್ತನಾಳದ ಒಳಮೈಯನ್ನು ಎಂಡೋಥೀಲಿಯಂ ಎನ್ನುತ್ತಾರೆ. ಅದು ಒಂದೇ ಜೀವಕೋಶದಷ್ಟು ತೆಳುವಾದ ಪದರ, ಅದರಲ್ಲಿ ನೋವು ತಿಳಿಸುವ ನರಗಳಿಲ್ಲ. ಬಹುಕಾಲ ವಿಜ್ಞಾನಿಗಳೂ ಅದನ್ನು ಬರಿಯ ಅಸ್ತರಿ ಎಂದೇ ಭಾವಿಸಿದ್ದರು. 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ಅವರು ಈ ಪದರ ಇದ್ದರೆ ಮಾತ್ರ ಅಸಿಟೈಲ್ಕೊಲಿನ್ ಎಂಬ ರಾಸಾಯನಿಕಕ್ಕೆ ರಕ್ತನಾಳ ಸಡಿಲವಾಗುತ್ತದೆ, ಕೆರೆದು ತೆಗೆದರೆ ಆಗುವುದಿಲ್ಲ ಎಂದು ತೋರಿಸಿದರು. ಸಡಿಲಗೊಳಿಸುವ ಆ ವಸ್ತು ನೈಟ್ರಿಕ್ ಆಕ್ಸೈಡ್ ಅನಿಲ ಎಂದು 1987ರಲ್ಲಿ ತೋರಿಸಿದವರಲ್ಲಿ ಸಾಲ್ವಡಾರ್ ಮೊಂಕಾಡಾ ಒಬ್ಬರು. ಆ ಕೆಲಸ ನಡೆದದ್ದು ಇದೇ ಲಂಡನ್ನಿನ ಇನ್ನೊಂದು ತುದಿಯ ಬೆಕ್‌ನಮ್‌ನಲ್ಲಿ. 1998ರ ನೊಬೆಲ್ ಈ ಅನಿಲದ ಸಂಶೋಧನೆಗೇ ಬಂತು; ಪಡೆದವರು ಫರ್ಚ್‌ಗಾಟ್, ಇಗ್ನಾರೊ, ಮುರಾದ್. ರಕ್ತನಾಳವನ್ನು ಹಿಗ್ಗಿಸುವುದು, ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು, ಬಿಳಿರಕ್ತಕಣಗಳು ಗೋಡೆಗೆ ಅಂಟದಂತೆ ಕಾಯುವುದು, ಎಲ್ಲದರಲ್ಲೂ ಈ ಅನಿಲದ ಕೈವಾಡವಿದೆ.

ಇನ್ನು ಸಕ್ಕರೆಗೆ ಬರೋಣ. ಸ್ನಾಯು ಮತ್ತು ಕೊಬ್ಬಿನ ಜೀವಕೋಶಗಳು ಊಟದ ನಂತರದ ಸಕ್ಕರೆಯನ್ನು ಮುಖ್ಯವಾಗಿ ಇನ್ಸುಲಿನ್ ಹೇಳಿದಾಗ ಒಳಗೆ ಬಿಟ್ಟುಕೊಳ್ಳುತ್ತವೆ. ಎಂಡೋಥೀಲಿಯಂ ಕೋಶಗಳು ಹಾಗಲ್ಲ. ಅವುಗಳ ಮೇಲಿರುವ ಗ್ಲುಟ್-1 ಎಂಬ ಪ್ರೋಟೀನು ಅಗುಳಿಯಿಲ್ಲದ ಬಾಗಿಲಿನಂತೆ: ಹೊರಗೆ ಸಕ್ಕರೆ ಏರಿದರೆ ಒಳಗೂ ಏರುತ್ತದೆ, ಕೋಶ ಅದನ್ನು ತಡೆಯಲಾರದು. ಒಳಗೆ ಹೆಚ್ಚಾದ ಸಕ್ಕರೆಯನ್ನು ಉರಿಸುವಾಗ ಮೈಟೊಕಾಂಡ್ರಿಯಗಳಿಂದ ಸೂಪರಾಕ್ಸೈಡ್ ಎಂಬ ಉಗ್ರ ಆಮ್ಲಜನಕ ರೂಪ ಹೊಮ್ಮುತ್ತದೆ. ನ್ಯೂಯಾರ್ಕಿನ ಮೈಕೆಲ್ ಬ್ರೌನ್ಲೀ ಮತ್ತು ಸಂಗಡಿಗರು 2000ದ ಸುಮಾರಿಗೆ ತೋರಿಸಿದ್ದು ಇದನ್ನೇ: ಅಲ್ಲಿಯತನಕ ಬೇರೆ ಬೇರೆ ಎಂದು ತಿಳಿದಿದ್ದ ಸಕ್ಕರೆಯ ಹಾನಿಯ ದಾರಿಗಳಿಗೆಲ್ಲ ಈ ಸೂಪರಾಕ್ಸೈಡೇ ತಲೆಬಾಗಿಲು. ಅದು ನೈಟ್ರಿಕ್ ಆಕ್ಸೈಡನ್ನು ನುಂಗಿಹಾಕುತ್ತದೆ. ನಾಳ ಬಿಗಿಯುತ್ತದೆ. ಕೋಶದೊಳಗೆ ಎನ್‌ಎಫ್-ಕಪ್ಪಾ-ಬಿ ಎಂಬ ನಿಯಂತ್ರಕ ಎಚ್ಚೆತ್ತು ಉರಿಯೂತದ ಜೀನುಗಳನ್ನು ಚಾಲೂ ಮಾಡುತ್ತದೆ. ಆಗ ಕೋಶದ ಮೇಲ್ಮೈಯಲ್ಲಿ ಅಂಟುವ ಪ್ರೋಟೀನುಗಳು ಎದ್ದು ನಿಲ್ಲುತ್ತವೆ. ಹರಿದು ಹೋಗಬೇಕಿದ್ದ ಮೊನೊಸೈಟ್ ಎಂಬ ಬಿಳಿರಕ್ತಕಣಗಳು ಅಲ್ಲಿ ಅಂಟಿ, ಗೋಡೆಯೊಳಗೆ ನುಸುಳಿ, ಕೊಲೆಸ್ಟರಾಲ್ ತಿಂದು ಅಲ್ಲೇ ಬೀಡುಬಿಡುತ್ತವೆ. ದೊಡ್ಡ ನಾಳದಲ್ಲಿ ಇದು ಮುಂದೆ ಹೃದಯಾಘಾತವಾಗಬಲ್ಲ ಗಂಟು. ಕಣ್ಣಿನ ಸಣ್ಣ ನಾಳಗಳಲ್ಲಾದರೆ ಸೋರಿಕೆ. ಕಿಡ್ನಿಯಲ್ಲಾದರೆ ಮೂತ್ರಕ್ಕೆ ಜಾರುವ ಆಲ್ಬುಮಿನ್.

ಈ ಯಾವ ಹಂತದಲ್ಲೂ ನಿಮಗೆ ಏನೂ “ಆಗುವುದಿಲ್ಲ”. 1977ರಲ್ಲಿ ಆಕ್ಸ್‌ಫರ್ಡಿನ ರಾಬರ್ಟ್ ಟರ್ನರ್ ನೇತೃತ್ವದಲ್ಲಿ ಆರಂಭವಾದ ಯುಕೆಪಿಡಿಎಸ್ ಎಂಬ ಬ್ರಿಟನ್ನಿನ ಬೃಹತ್ ಅಧ್ಯಯನಕ್ಕೆ 5,102 ಜನರನ್ನು ಸೇರಿಸಿಕೊಂಡರು. ಎಲ್ಲರಿಗೂ ಕಾಯಿಲೆ ಹೊಸದಾಗಿ ಪತ್ತೆಯಾಗಿತ್ತು. ಪತ್ತೆಯಾದ ದಿನವೇ ಅವರಲ್ಲಿ ಸುಮಾರು ಅರ್ಧ ಜನರ ಅಂಗಾಂಗಗಳಲ್ಲಿ ಹಾನಿಯ ಗುರುತುಗಳಿದ್ದವು. ಅವರೂ ಅದರ ಹಿಂದಿನ ವಾರ ಮೆಟ್ಟಿಲು ಹತ್ತಿದ್ದವರೇ.

ಎರಡನೆಯ ಆಕ್ಷೇಪ ಒಬ್ಬ ಹಿರಿಯರದು: “ಉರಿಯೂತ ಅಂದರೆ ಊದಬೇಕು, ಕೆಂಪಾಗಬೇಕು, ಜ್ವರ ಬರಬೇಕು. ಕಾಣದ ಉರಿಯೂತ ಅಂತ ಹೊಸದೊಂದು ಕತೆ ಕಟ್ಟಿದ್ದಾರೆ.” ಕಾಲಿಗೆ ಮುಳ್ಳು ಚುಚ್ಚಿದಾಗ ಆಗುವ ಉರಿಯೂತಕ್ಕೆ ಈ ಲಕ್ಷಣಗಳೆಲ್ಲ ಸರಿ. ನಾಳದ ಗೋಡೆಯಲ್ಲಿ ವರ್ಷಗಟ್ಟಲೆ ಸಣ್ಣಗೆ ನಡೆಯುವ ಉರಿಯೂತಕ್ಕೆ ಅವು ಬೇಕಿಲ್ಲ. ಅದು ಕತೆಯಲ್ಲ ಎನ್ನಲು 2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಪ್ರಯೋಗ ಸಾಕು. ಹಿಂದೆ ಹೃದಯಾಘಾತವಾಗಿದ್ದ 10,061 ಜನರಲ್ಲಿ ಕೆಲವರಿಗೆ ಉರಿಯೂತದ ಒಂದೇ ಒಂದು ಸಂದೇಶವಾಹಕವನ್ನು, ಇಂಟರ್‌ಲ್ಯುಕಿನ್-1 ಬೀಟಾವನ್ನು, ತಡೆಯುವ ಚುಚ್ಚುಮದ್ದು ಕೊಟ್ಟರು. ಕೆಟ್ಟ ಕೊಲೆಸ್ಟರಾಲ್ ಇಳಿಯಲಿಲ್ಲ. ಆದರೂ ಮಧ್ಯಮ ಪ್ರಮಾಣದ ಮದ್ದು ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವುಗಳು ಒಟ್ಟಾಗಿ ಶೇ 15ರಷ್ಟು ಕಡಿಮೆಯಾದವು. ಪ್ರಾಣಕ್ಕೆ ಎರವಾಗುವ ಸೋಂಕುಗಳು ತುಸು ಹೆಚ್ಚಿದ್ದರಿಂದ ಅದು ದಿನಬಳಕೆಯ ಔಷಧವಾಗಲಿಲ್ಲ, ಆ ಮಾತು ಬೇರೆ. ಕಾಣದ ಉರಿಯೂತ ಹೃದಯದ ಅನಾಹುತಗಳನ್ನು ತರುತ್ತದೆ, ತಗ್ಗಿಸಿದರೆ ಅವು ಕಡಿಮೆಯಾಗುತ್ತವೆ ಎನ್ನುವುದಂತೂ ಅಲ್ಲಿ ಸಾಬೀತಾಯಿತು.

ಮೂರನೆಯದು ಎಲ್ಲಕ್ಕಿಂತ ಬಲವಾದ ಆಕ್ಷೇಪ, ಎತ್ತಿದವರು ವೈದ್ಯರು. “ನೀವು ಹೇಳುವುದೆಲ್ಲ ಗಾಜಿನ ತಟ್ಟೆಯ ಮೇಲೆ ಬೆಳೆಸಿದ ಜೀವಕೋಶಗಳ ಕತೆ. ಅಲ್ಲಿ ಲೀಟರಿಗೆ 25-30 ಮಿಲಿಮೋಲ್ ಸಕ್ಕರೆ ಸುರಿಯುತ್ತಾರೆ. ನನ್ನ ರೋಗಿಗೆ ಊಟವಾದ ಮೇಲೆ 10 ಇರುತ್ತದೆ. ಎರಡಕ್ಕೂ ಏನು ಹೋಲಿಕೆ?”

ತಟ್ಟೆಯ ಪ್ರಯೋಗಗಳಲ್ಲಿ ಸಕ್ಕರೆ ಅತಿಯಾಗಿರುತ್ತದೆ ಎನ್ನುವುದು ನಿಜ. 30 ಮಿಲಿಮೋಲ್ ಎಂದರೆ ಊರಿನ ಲೆಕ್ಕದಲ್ಲಿ ಡೆಸಿಲೀಟರಿಗೆ 540 ಮಿಲಿಗ್ರಾಂ. ಹತ್ತಿಪ್ಪತ್ತು ವರ್ಷಗಳಲ್ಲಿ ಆಗುವುದನ್ನು ಕೆಲವೇ ದಿನಗಳಲ್ಲಿ ನೋಡಬೇಕಾದ ಕಡೆ ಹಾಗೆ ಮಾಡುತ್ತಾರೆ. ಅದೇ ಸಾಂದ್ರತೆಯಲ್ಲಿ ಮ್ಯಾನಿಟಾಲ್ ಹಾಕಿ, ಹಾನಿ ಸಕ್ಕರೆಯಿಂದಲೇ ಹೊರತು ದ್ರವದ ಸಾಂದ್ರತೆಯಿಂದಲ್ಲ ಎಂದು ಜೊತೆಜೊತೆಗೇ ಪರೀಕ್ಷಿಸುತ್ತಾರೆ. ಇಷ್ಟಾದರೂ ತಟ್ಟೆಯೊಂದನ್ನೇ ನಂಬಿ ಎಂದು ನಾನು ಹೇಳುವುದಿಲ್ಲ. ಮನುಷ್ಯರ ಮೇಲೆ ನಡೆದ ಕೆಲಸವನ್ನೇ ನೋಡೋಣ.

1998ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯೇ ಇಲ್ಲದ ಆರೋಗ್ಯವಂತರ ಮುಂಗೈಯ ರಕ್ತದಲ್ಲಿ ಆರು ಗಂಟೆ ಕಾಲ ಸಕ್ಕರೆಯನ್ನು 300 ಮಿಲಿಗ್ರಾಂ ಮಟ್ಟದಲ್ಲಿಟ್ಟರು. ಎಂಡೋಥೀಲಿಯಂನ ಮೂಲಕ ನಾಳ ಹಿಗ್ಗುವ ಶಕ್ತಿ ಕುಗ್ಗಿತು. 2002ರಲ್ಲಿ ಇಟಲಿಯ ಕ್ಯಾಥರಿನ್ ಎಸ್ಪೊಸಿಟೊ ಮತ್ತು ಸಂಗಡಿಗರು ಸಕ್ಕರೆಯನ್ನು ಏರಿಸಿದಾಗ ರಕ್ತದಲ್ಲಿ ಉರಿಯೂತದ ಸೈಟೊಕೈನುಗಳು ಕೆಲವೇ ಗಂಟೆಗಳಲ್ಲಿ ಏರುವುದನ್ನು ಅಳೆದರು. ಒಂದೇ ಸಮ ಏರಿಸಿಟ್ಟದ್ದಕ್ಕಿಂತ ಬಿಟ್ಟುಬಿಟ್ಟು ಏರಿಸಿದಾಗ ಅವು ಹೆಚ್ಚು ಏರಿದವು. “ನನ್ನ ಫಾಸ್ಟಿಂಗ್ ಸರಿಯಿದೆ” ಎಂದು ನೆಮ್ಮದಿಯಾಗಿ, ಮಧ್ಯಾಹ್ನ ತಟ್ಟೆ ತುಂಬ ಅನ್ನ ಉಣ್ಣುವವರು ಈ ಮಾತನ್ನು ಎರಡು ಸಲ ಓದಬೇಕು. 2006ರಲ್ಲಿ ಡಚ್ ವೈದ್ಯ ಮ್ಯಾಕ್ಸ್ ನ್ಯೂವ್‌ಡಾರ್ಪ್ ತಂಡ ಎಂಡೋಥೀಲಿಯಂನ ಮೇಲೆ ಹರಡಿರುವ ಗ್ಲೈಕೊಕ್ಯಾಲಿಕ್ಸ್ ಎಂಬ ಸೂಕ್ಷ್ಮ ಲೇಪವನ್ನು ಆರೋಗ್ಯವಂತ ಗಂಡಸರಲ್ಲಿ ಅಳೆಯಿತು. ಸಕ್ಕರೆ ಏರಿದ ಆರು ಗಂಟೆಗಳಲ್ಲಿ ಅದರ ಗಾತ್ರ ಸುಮಾರು ಅರ್ಧಕ್ಕಿಳಿದಿತ್ತು. ಇವರೆಲ್ಲ ನಮ್ಮ ನಿಮ್ಮಂಥ ಮನುಷ್ಯರು.

ಇನ್ನು ಜೀವಕೋಶಗಳು ಪೆಟ್ಟನ್ನು ನೆನಪಿಟ್ಟುಕೊಳ್ಳುವ ಮಾತು. 2008ರಲ್ಲಿ ಮೆಲ್ಬರ್ನಿನ ಅಸ್ಸಾಮ್ ಎಲ್-ಓಸ್ತಾ ಅವರ ತಂಡ ಮನುಷ್ಯನ ಮಹಾಪಧಮನಿಯ ಒಳಮೈ ಕೋಶಗಳನ್ನು ಬರೇ 16 ಗಂಟೆ ಹೆಚ್ಚು ಸಕ್ಕರೆಯಲ್ಲಿಟ್ಟು, ಆಮೇಲೆ ಆರು ದಿನ ಸಾಮಾನ್ಯ ಸಕ್ಕರೆಗೆ ಮರಳಿಸಿತು. ಆರು ದಿನ ಕಳೆದರೂ ಉರಿಯೂತದ ಜೀನಿನ ಮೇಲೆ ಬಿದ್ದ ರಾಸಾಯನಿಕ ಗುರುತು ಅಳಿದಿರಲಿಲ್ಲ, ಆ ಜೀನು ಇನ್ನೂ ಜೋರಾಗಿಯೇ ಓಡುತ್ತಿತ್ತು. ಇದೂ ತಟ್ಟೆಯದೇ ಎನ್ನುವಿರಾದರೆ ಅಮೆರಿಕ ಮತ್ತು ಕೆನಡಾದ ಡಿಸಿಸಿಟಿ ಪ್ರಯೋಗವಿದೆ. 1,441 ಟೈಪ್ 1 ರೋಗಿಗಳು, 1983ರಿಂದ 1993ರವರೆಗೆ. ಒಂದು ಗುಂಪಿಗೆ ಬಿಗಿ ಹತೋಟಿ, ಇನ್ನೊಂದಕ್ಕೆ ಅಂದಿನ ವಾಡಿಕೆಯ ಚಿಕಿತ್ಸೆ. ಪ್ರಯೋಗ ಮುಗಿದ ಮೇಲೆ ಎರಡೂ ಗುಂಪಿನ ಸಕ್ಕರೆ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂತು. ಆದರೂ 2005ರ ಹೊತ್ತಿಗೆ, ಹಿಂದೆ ಬಿಗಿ ಹತೋಟಿಯಲ್ಲಿದ್ದವರಲ್ಲಿ ಹೃದಯ ಮತ್ತು ರಕ್ತನಾಳಗಳ ಅನಾಹುತಗಳು ಶೇ 42ರಷ್ಟು ಕಡಿಮೆಯಿದ್ದವು. ಗಾಜಿನ ತಟ್ಟೆಯಲ್ಲಿ ಆರು ದಿನ ಕಂಡದ್ದು ಮನುಷ್ಯರಲ್ಲಿ ಹತ್ತಾರು ವರ್ಷ ಕಂಡಿತು.

“ಹಾಗಾದರೆ ಅಕಾರ್ಡ್ ಏನಾಯಿತು?” ಎಂದು ಅದೇ ವೈದ್ಯರು ಮತ್ತೆ ಕೇಳಿದರು. “ಸಕ್ಕರೆ ಇಳಿಸಿದವರೇ ಹೆಚ್ಚು ಸತ್ತರಲ್ಲ?” ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. 10,251 ಜನರ ಅಕಾರ್ಡ್ ಪ್ರಯೋಗವನ್ನು 2008ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು, ಏಕೆಂದರೆ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿಯನ್ನು ಶೇ 6ಕ್ಕಿಂತ ಕೆಳಗಿಳಿಸಲು ಹೊರಟ ಗುಂಪಿನಲ್ಲಿ 257 ಜನ ಸತ್ತಿದ್ದರು, ಇನ್ನೊಂದು ಗುಂಪಿನಲ್ಲಿ 203. ಆದರೆ ಆ ರೋಗಿಗಳು ಯಾರು ಎಂಬುದನ್ನು ಬಿಟ್ಟು ಈ ಲೆಕ್ಕ ಓದಬಾರದು. ಸರಾಸರಿ ವಯಸ್ಸು 62. ಕಾಯಿಲೆಗೆ ಹತ್ತು ವರ್ಷವಾಗಿತ್ತು. ಮೂರರಲ್ಲೊಬ್ಬರಿಗೆ ಆಗಲೇ ಹೃದಯದ ಅಥವಾ ರಕ್ತನಾಳದ ಅನಾಹುತವಾಗಿತ್ತು. ಅಂಥವರ ಸಕ್ಕರೆಯನ್ನು ಹಲವು ಔಷಧ ಸೇರಿಸಿ ತಿಂಗಳುಗಳಲ್ಲೇ ಬಲವಂತವಾಗಿ ಇಳಿಸಿದರು. ತೂಕ ಏರಿತು, ಸಕ್ಕರೆ ಅಪಾಯಕರವಾಗಿ ಕುಸಿಯುವ ಪ್ರಸಂಗಗಳು ಹೆಚ್ಚಿದವು. ಆಮೇಲಿನ ವಿಶ್ಲೇಷಣೆಯಲ್ಲಿ ಹೊರಬಂದ ಸಂಗತಿ ಇನ್ನೂ ಮುಖ್ಯ: ಬಿಗಿ ಚಿಕಿತ್ಸೆಯ ಗುಂಪಿನಲ್ಲಿ ಹೆಚ್ಚು ಸಾವು ಕಂಡದ್ದು ಸಕ್ಕರೆ ಇಳಿದವರಲ್ಲಲ್ಲ, ಎಷ್ಟು ಔಷಧ ಕೊಟ್ಟರೂ ಇಳಿಯದೆ ಉಳಿದವರಲ್ಲಿ. ಅದೇ ವರ್ಷ ಪ್ರಕಟವಾದ ಅಡ್ವಾನ್ಸ್ ಪ್ರಯೋಗದಲ್ಲಿ 11,140 ಜನರ ಪೈಕಿ ಒಂದು ಗುಂಪಿನ ಸಕ್ಕರೆಯನ್ನು ಶೇ 6.5ರ ಗುರಿಯಿಟ್ಟು ನಿಧಾನವಾಗಿ ಇಳಿಸಿದರು. ಸಾವು ಹೆಚ್ಚಲಿಲ್ಲ, ಕಿಡ್ನಿಗೆ ಅನುಕೂಲವಾಯಿತು. ಎಪ್ಪತ್ತೈದು ದಾಟಿದ, ಹೃದಯ ದುರ್ಬಲವಾದ ತಂದೆಗೆ 35 ವರ್ಷದ ಮಗನ ಗುರಿ ಇಡಬಾರದು ಎನ್ನುವುದೇ ಅಕಾರ್ಡ್ ಕಲಿಸುವ ಪಾಠ. ಅದನ್ನು ಎತ್ತಿ ತಂದು, 35ರ ಮಗ ಸಕ್ಕರೆಯ ಹತೋಟಿಯನ್ನೇ ಬಿಟ್ಟುಬಿಡಬಹುದು ಎನ್ನಲು ಬಳಸುವುದು ಅನ್ಯಾಯ.

“ತಪ್ಪೆಲ್ಲ ಸಕ್ಕರೆಯ ತಲೆಗೆ ಕಟ್ಟಬೇಡಿ, ಹೃದಯಕ್ಕೆ ಶತ್ರು ಬಿಪಿ ಮತ್ತು ಕೊಲೆಸ್ಟರಾಲ್” ಎಂದವರು ಅರ್ಧ ಸತ್ಯ ಹೇಳಿದ್ದಾರೆ. ಯುಕೆಪಿಡಿಎಸ್‌ನಲ್ಲೇ ರಕ್ತದೊತ್ತಡವನ್ನು ಬಿಗಿಯಾಗಿ ಇಳಿಸಿದವರಿಗೆ ಪಾರ್ಶ್ವವಾಯು ಶೇ 44ರಷ್ಟು ಕಡಿಮೆಯಾಯಿತು. 2004ರ ಕಾರ್ಡ್ಸ್ ಪ್ರಯೋಗದಲ್ಲಿ ಸಕ್ಕರೆ ಕಾಯಿಲೆಯವರಿಗೆ ದಿನಕ್ಕೆ 10 ಮಿಲಿಗ್ರಾಂ ಅಟೊರ್ವಾಸ್ಟಾಟಿನ್ ಎಂಬ ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಕೊಟ್ಟಾಗ ಹೃದಯ ಮತ್ತು ರಕ್ತನಾಳದ ದೊಡ್ಡ ಅನಾಹುತಗಳು ಶೇ 37ರಷ್ಟು ಇಳಿದವು. ಟೈಪ್ 2ರಲ್ಲಿ ಇನ್ಸುಲಿನ್ನಿಗೆ ದೇಹ ಮಣಿಯದಿರುವುದೂ ನೈಟ್ರಿಕ್ ಆಕ್ಸೈಡನ್ನು ಕುಗ್ಗಿಸುತ್ತದೆ. ಇವೆಲ್ಲ ಒಂದೇ ಒಳಮೈಯ ಮೇಲೆ ಬೀಳುವ ಪೆಟ್ಟುಗಳು. ಆದರೆ ಡಿಸಿಸಿಟಿಯಲ್ಲಿದ್ದವರು ಎಳೆಯರು. ಅಲ್ಲಿಗೆ ಸೇರುವಾಗ ಅವರಿಗೆ ಬಿಪಿ ಇರಲಿಲ್ಲ, ಕೊಲೆಸ್ಟರಾಲ್ ಹೆಚ್ಚಿರಲಿಲ್ಲ. ಎರಡು ಗುಂಪುಗಳ ನಡುವೆ ಬೇರೆಯಾಗಿದ್ದು ಸಕ್ಕರೆಯ ಮಟ್ಟ. ಸಕ್ಕರೆಯ ಪಾಲನ್ನು ಅಲ್ಲಗಳೆಯಲು ಅಲ್ಲಿ ಜಾಗವಿಲ್ಲ. ಸ್ಟಾಟಿನ್ ನುಂಗಿ, ಬಿಪಿ ಮಾತ್ರೆ ನುಂಗಿ, ಸಕ್ಕರೆಯನ್ನೂ ಇಳಿಸಿ. ಒಂದರ ಬದಲಿಗೆ ಇನ್ನೊಂದು ಎಂಬ ಚೌಕಾಸಿ ಇಲ್ಲಿ ನಡೆಯದು.

ನನ್ನ ಮನಸ್ಸಿಗೆ ಹೆಚ್ಚು ನೋವು ಕೊಟ್ಟ ಆಕ್ಷೇಪ ಬೇರೆ. “ನಾವು ಸಣ್ಣ ಮೈಯವರು, ಸಸ್ಯಾಹಾರಿಗಳು, ಕುಡಿಯುವುದಿಲ್ಲ, ಸೇದುವುದಿಲ್ಲ. ಈ ದೇಶದವರ ಅಂಕಿಅಂಶ ನಮಗೆ ಯಾಕೆ?” ನೋವಾಗಲು ಕಾರಣ, ಈ ಮಾತು ನಂಬಿದವರೇ ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುವವರು.

ಎಜ್‌ವೇರ್ ರಸ್ತೆ ಹಿಡಿದು ದಕ್ಷಿಣಕ್ಕೆ ಹೋದರೆ ಬರ್ನ್ಟ್ ಓಕ್ ದಾಟಿದ ಸ್ವಲ್ಪದರಲ್ಲೇ ಬಲಗಡೆ ಬ್ರೆಂಟ್ ಸಿಗುತ್ತದೆ. ಅದೇ ಬ್ರೆಂಟ್ ಮತ್ತು ಅದರಾಚೆಯ ಸೌತಾಲ್‌ನಲ್ಲಿ 1988ರಿಂದ 1991ರವರೆಗೆ 40ರಿಂದ 69 ವಯಸ್ಸಿನ ಸುಮಾರು 5 ಸಾವಿರ ಜನರನ್ನು ಪರೀಕ್ಷಿಸಿ ಆರಂಭಿಸಿದ ಅಧ್ಯಯನ ಸೇಬರ್. ಸೌತಾಲ್‌ನ ಫಲಿತಾಂಶ 1991ರಲ್ಲೇ ಪ್ರಕಟವಾಯಿತು: ಸಕ್ಕರೆ ಕಾಯಿಲೆ ದಕ್ಷಿಣ ಏಷ್ಯಾದವರಲ್ಲಿ ಶೇ 19, ಯುರೋಪಿಯನ್ನರಲ್ಲಿ ಶೇ 4. ಕಾರಣವಾಗಿ ಕಂಡದ್ದು ಸೊಂಟದ ಸುತ್ತಲಿನ ಕೊಬ್ಬು ಮತ್ತು ಇನ್ಸುಲಿನ್ನಿಗೆ ಮಣಿಯದ ದೇಹ.

“ಅವರು ಪಂಜಾಬಿಗಳು, ನಾವಲ್ಲ” ಎನ್ನುತ್ತೀರೇನೋ. ಸೌತಾಲ್‌ನಲ್ಲಿ ಪಂಜಾಬಿಗಳೇ ಹೆಚ್ಚು, ಒಪ್ಪಿದೆ. ಹಾಗಾದರೆ ಮೈಸೂರಿಗೆ ಹೋಗೋಣ. ಅಲ್ಲಿ ಮಿಷನ್ ಆಸ್ಪತ್ರೆ ಎಂದೇ ಊರವರು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹೆರಿಗೆಯ ದಾಖಲೆಗಳನ್ನು ಜೋಪಾನವಾಗಿ ಇಟ್ಟಿದ್ದರು. ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಆ ದಾಖಲೆ ಹಿಡಿದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಇನ್ನೂ ಸುತ್ತಲಲ್ಲೇ ವಾಸವಿದ್ದ 517 ಜನರನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ: ಹುಟ್ಟುವಾಗ ಎರಡೂವರೆ ಕಿಲೊ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಶೇ 11, ಮೂರು ಕಿಲೊಗಿಂತ ಮೇಲೆ ಚೆನ್ನಾಗಿ ತೂಗಿದವರಲ್ಲಿ ಶೇ 3. ಇವರು ಯಾರ ಮನೆಯವರು? ನಮ್ಮ ಅಜ್ಜಿ ತಾತ, ಅಪ್ಪ ಅಮ್ಮಂದಿರ ಓರಗೆಯವರು. ಸಣ್ಣ ಮೈ ರಕ್ಷೆಯಾಗಲಿಲ್ಲ. ಹುಟ್ಟುವಾಗ ಸಣ್ಣದಾಗಿದ್ದ ಮೈಯೇ ಹೆಚ್ಚು ಅಪಾಯ ಹೊತ್ತಿತ್ತು.

ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೊವನ್ನೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಇಬ್ಬರ ಬಿಎಂಐ ಒಂದೇ, 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್ ಅವರದು ಶೇ 9.1, ಯಾಜ್ಞಿಕ್ ಅವರದು ಶೇ 21.2. ಕನ್ನಡಿಯ ಮುಂದೆ ನಿಂತು ನೋಡಿಕೊಂಡರೆ ಇದು ತಿಳಿಯದು. ಇಂಗ್ಲೆಂಡಿನ ವೈದ್ಯಕೀಯ ಮಾರ್ಗಸೂಚಿ ನಮ್ಮವರಿಗೆ ಅಪಾಯದ ಗೆರೆಯನ್ನು ಬಿಎಂಐ 25ರ ಬದಲು 23ಕ್ಕೇ ಎಳೆದಿರುವುದು ಇದಕ್ಕಾಗಿ. ಈ ದೇಶದ ಅಂಕಿಅಂಶ ನಮಗೆ ಯಾಕೆ ಎಂದವರಿಗೆ ನಾನು ಹೇಳುವುದು: ಈ ಅಂಕಿಗಳನ್ನು ಅಳೆದದ್ದೇ ನಮ್ಮ ಮೈಗಳಲ್ಲಿ.

ಬೆಲ್ಲ, ಜೇನು, ಹಾಗಲಕಾಯಿ ರಸದ ಬಗ್ಗೆ ಬಂದ ಮಾತುಗಳಿಗೆ ಉದ್ದನೆಯ ಉತ್ತರ ಬೇಕಿಲ್ಲ. ಬೆಲ್ಲದಲ್ಲಿ ಬಹುಪಾಲು ಸುಕ್ರೋಸೇ, ಅಂದರೆ ಸಕ್ಕರೆಯೇ. ರಾಗಿ ಒಳ್ಳೆಯ ಧಾನ್ಯ, ಆದರೆ ನುಣ್ಣಗೆ ಬೀಸಿದ ಹಿಟ್ಟಿನ ಎರಡು ದೊಡ್ಡ ಮುದ್ದೆ ಪಿಷ್ಟದ ಲೆಕ್ಕದಲ್ಲಿ ಹಗುರವಲ್ಲ. ಮುದ್ದೆ ಒಂದಾಗಲಿ, ಸೊಪ್ಪಿನ ಸಾರು, ಕಾಳು ಹೆಚ್ಚಾಗಲಿ. ಹಾಗಲಕಾಯಿ ಪಲ್ಯ ಇಷ್ಟವಾದರೆ ತಿನ್ನಿ, ಮಾತ್ರೆಯ ಬದಲಿಗೆ ಬೇಡ. ಸೂಪರಾಕ್ಸೈಡಿನ ಮಾತು ಕೇಳಿ ವಿಟಮಿನ್ ಇ ಗುಳಿಗೆ ಕೊಂಡವರೂ ಇದ್ದಾರೆ. 9,541 ಜನರ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಹೋಪ್ ಪ್ರಯೋಗದಲ್ಲಿ ಆ ವಿಟಮಿನ್ನು ಹೃದಯಕ್ಕೆ ಏನೂ ಪ್ರಯೋಜನ ಕೊಡಲಿಲ್ಲ. ದುಡ್ಡು ಉಳಿಸಿ.

“ಮೆಟ್‌ಫಾರ್ಮಿನ್ ಕಿಡ್ನಿ ಹಾಳುಮಾಡುತ್ತೆ, ಎಲ್ಲ ಔಷಧ ಕಂಪನಿಗಳ ಆಟ. ಗಡಿ ಇಳಿಸಿ ಇಳಿಸಿ ಎಲ್ಲರನ್ನೂ ರೋಗಿ ಮಾಡ್ತಾರೆ.” ಇದನ್ನು ಹೇಳಿದವರಿಗೆ ನಿಜಕ್ಕೂ ಭಯವಿದೆ, ಆ ಭಯಕ್ಕೆ ಉತ್ತರ ಸಿಗಬೇಕು. ಮೆಟ್‌ಫಾರ್ಮಿನ್ ಕಿಡ್ನಿಯನ್ನು ಹಾಳುಮಾಡುವುದಿಲ್ಲ. ಅದು ಕಿಡ್ನಿಯ ಮೂಲಕ ಹೊರಹೋಗುವ ಔಷಧ. ಹಾಗಾಗಿ ಕಿಡ್ನಿ ಬೇರೆ ಕಾರಣದಿಂದ, ಬಹಳ ಸಲ ಸಕ್ಕರೆಯಿಂದಲೇ, ಸೋತಾಗ ಪ್ರಮಾಣ ಇಳಿಸುತ್ತಾರೆ, ತೀರ ಸೋತರೆ ನಿಲ್ಲಿಸುತ್ತಾರೆ. ನಿಲ್ಲಿಸಿದ್ದನ್ನು ನೋಡಿದವರು ಹಾಳುಮಾಡಿದ್ದೇ ಅದು ಎಂದುಕೊಳ್ಳುತ್ತಾರೆ. ಬ್ರಿಟನ್ನಿನಲ್ಲಿ ಅದು 1958ರಿಂದ ಬಳಕೆಯಲ್ಲಿದೆ. ಪೇಟೆಂಟಿನ ಕಾಲ ಎಂದೋ ಮುಗಿದ ಅಗ್ಗದ ಮಾತ್ರೆ ಅದು. ಹೊಸ ಔಷಧಗಳಲ್ಲಿ ಎಂಪಾಗ್ಲಿಫ್ಲೊಜಿನ್ 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೊದಲೇ ಹೃದ್ರೋಗವಿದ್ದವರ ಪೈಕಿ ಹೃದಯ ಮತ್ತು ರಕ್ತನಾಳದ ಕಾರಣದ ಸಾವನ್ನು ಶೇ 38ರಷ್ಟು ಇಳಿಸಿತು. ಆ ಬಗೆಯ ಔಷಧಗಳನ್ನು ಇಂದು ಕಿಡ್ನಿ ಉಳಿಸಲೆಂದೇ ಕೊಡುತ್ತಾರೆ.

ಇನ್ನು ಗಡಿಯ ಮಾತು. ಇಂಗ್ಲೆಂಡಿನಲ್ಲಿ ಎಚ್‌ಬಿಎ1ಸಿ 42ರಿಂದ 47, ಅಂದರೆ ಊರಿನ ಲೆಕ್ಕದ ಶೇ 6.0ರಿಂದ 6.4, ಇದ್ದವರನ್ನು ಎನ್‌ಎಚ್‌ಎಸ್ ಮೊದಲು ಕಳಿಸುವುದು ಆಹಾರ, ತೂಕ, ನಡಿಗೆಯ ತರಬೇತಿಗೆ. 2016ರಲ್ಲಿ ಆರಂಭವಾದ ಆ ಕಾರ್ಯಕ್ರಮ ಉಚಿತ. ಔಷಧ ಕಂಪನಿಗೆ ಅದರಿಂದ ಏನು ಲಾಭ? ನಮ್ಮವರಿಗೆ ಇದು ಫಲಿಸುತ್ತದೆಯೇ ಎನ್ನುವುದಕ್ಕೆ ಚೆನ್ನೈನ ಎ. ರಾಮಚಂದ್ರನ್ ಅವರ ತಂಡ 2006ರಲ್ಲಿ ಉತ್ತರ ಕೊಟ್ಟಿದೆ. ಗಡಿಯಲ್ಲಿದ್ದ 531 ಭಾರತೀಯರ ಆ ಅಧ್ಯಯನದಲ್ಲಿ ಊಟ ಮತ್ತು ನಡಿಗೆ ತಿದ್ದಿಕೊಂಡವರಿಗೆ ಕಾಯಿಲೆಯ ಅಪಾಯ ಶೇ 28.5ರಷ್ಟು ಕಡಿಮೆಯಾಯಿತು. ನಡಿಗೆ ಕೆಲಸ ಮಾಡುವ ಬಗೆಯೂ ಸರಳ: ಸ್ನಾಯು ದುಡಿಯುವಾಗ ಇನ್ಸುಲಿನ್ನಿನ ಅಪ್ಪಣೆ ಇಲ್ಲದೆಯೂ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಊಟವಾದ ಮೇಲೆ ಕ್ಯಾನನ್ಸ್ ಪಾರ್ಕಿನಲ್ಲಿ ಒಂದು ಸುತ್ತು ಹಾಕಿದರೆ ಆ ಹೊತ್ತಿನ ಏರು ತಗ್ಗುತ್ತದೆ, ಒಳಮೈಗೆ ಬೀಳಬೇಕಿದ್ದ ಪೆಟ್ಟೂ ತಗ್ಗುತ್ತದೆ.

ಕಡೆಯ ಆಕ್ಷೇಪ ಒಬ್ಬ ಮಹಿಳೆಯದು, ಮೆಲ್ಲಗೆ ಕೇಳಿದ್ದು: “ಹದಿನೈದು ವರ್ಷದಿಂದ ಶುಗರ್ ಇದೆ. ಒಳಮೈ ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತೆ ಅಂದಿರಿ. ಹಾಗಾದರೆ ನನಗೆ ಇನ್ನೇನು ಉಳಿದಿದೆ?” ವಾದಕ್ಕೆಂದು ಕೇಳಿದ ಪ್ರಶ್ನೆಯಲ್ಲ ಅದು. ಆದರೆ ಇದೇ ಮಾತನ್ನು ಮುಂದಿಟ್ಟುಕೊಂಡು “ಇನ್ನು ಏನು ಮಾಡಿಯೂ ಉಪಯೋಗವಿಲ್ಲ” ಎಂದು ಸಾರುವವರಿದ್ದಾರೆ, ಅವರಿಗೂ ಸೇರಿಸಿ ಹೇಳುತ್ತೇನೆ.

ಒಳಮೈಯ ನೆನಪು ಎರಡೂ ಕಡೆ ಕೆಲಸ ಮಾಡುತ್ತದೆ. ಯುಕೆಪಿಡಿಎಸ್ ಮುಗಿದು ಹತ್ತು ವರ್ಷವಾದ ಮೇಲೆ, 2008ರಲ್ಲಿ, ಆರಂಭದಲ್ಲೇ ಹತೋಟಿಗೆ ಬಂದವರಿಗೆ ಹೃದಯಾಘಾತ ಶೇ 15ರಷ್ಟು, ಮೆಟ್‌ಫಾರ್ಮಿನ್ ಪಡೆದ ದಪ್ಪ ಮೈಯವರಿಗೆ ಶೇ 33ರಷ್ಟು ಕಡಿಮೆ ಎಂದು ಗೊತ್ತಾಯಿತು. 2024ರಲ್ಲಿ ಮತ್ತೆ ನೋಡಿದಾಗಲೂ ಆ ಲಾಭ ಉಳಿದಿತ್ತು. ಕಳೆದ ಒಳ್ಳೆಯ ವರ್ಷಗಳನ್ನೂ ನಾಳಗಳು ಮರೆಯುವುದಿಲ್ಲ. ತಡವಾದವರಿಗೂ ದಾರಿ ಮುಚ್ಚಿಲ್ಲ: ಬಿಪಿ, ಸ್ಟಾಟಿನ್, ಕಿಡ್ನಿ ಕಾಯುವ ಔಷಧಗಳು ಹದಿನೈದು ವರ್ಷದ ಕಾಯಿಲೆಯಲ್ಲೂ ಫಲ ಕೊಡುತ್ತವೆ. ಆರು ವರ್ಷದೊಳಗಿನ ಕಾಯಿಲೆಯವರಲ್ಲಿ ರಾಯ್ ಟೇಲರ್ ಮತ್ತು ಮೈಕ್ ಲೀನ್ ನಡೆಸಿದ ಡೈರೆಕ್ಟ್ ಪ್ರಯೋಗ 2017ರಲ್ಲಿ ತೋರಿಸಿದಂತೆ, ಮೇಲ್ವಿಚಾರಣೆಯಲ್ಲಿ ತೂಕ ಇಳಿಸಿದವರ ಪೈಕಿ ಶೇ 46 ಜನ ಒಂದು ವರ್ಷದಲ್ಲಿ ಔಷಧವಿಲ್ಲದೆ ಸಕ್ಕರೆ ಕಾಯಿಲೆಯ ಗಡಿಯಿಂದ ಕೆಳಗಿಳಿದರು. ಕಣ್ಣಿನ ತಪಾಸಣೆಯಿಂದ ಏನು ಲಾಭ ಎನ್ನುವವರಿಗೆ ಒಂದು ಸಂಗತಿ: ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದುಡಿಯುವ ವಯಸ್ಸಿನವರ ಕುರುಡುತನಕ್ಕೆ ಐದು ದಶಕ ಕಾಲ ಮೊದಲ ಕಾರಣವಾಗಿದ್ದು ಸಕ್ಕರೆ ಕಾಯಿಲೆಯ ಕಣ್ಣಿನ ಹಾನಿ. ದೇಶವ್ಯಾಪಿ ತಪಾಸಣೆ ಬಂದ ಮೇಲೆ, 2009-10ರ ಲೆಕ್ಕದಲ್ಲಿ, ಅದು ಮೊದಲ ಸ್ಥಾನದಿಂದ ಕೆಳಗಿಳಿಯಿತು.

ಹಾಗಾಗಿ ಎಜ್‌ವೇರ್, ಸ್ಟ್ಯಾನ್‌ಮೋರ್, ಹ್ಯಾರೊ, ಕಿಂಗ್ಸ್‌ಬರಿಯ ನನ್ನ ಕನ್ನಡದ ನೆರೆಹೊರೆಯವರಲ್ಲಿ ಒಂದು ಕೋರಿಕೆ. 40ರಿಂದ 74ರೊಳಗಿನ, ಇಂಥ ಕಾಯಿಲೆ ಇನ್ನೂ ಪತ್ತೆಯಾಗದವರಿಗೆ ಎನ್‌ಎಚ್‌ಎಸ್ ಐದು ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಕೊಡುತ್ತದೆ. ಪತ್ರ ಬಂದರೆ ಮೂಲೆಗೆ ಹಾಕಬೇಡಿ, ಬಾರದಿದ್ದರೆ ಜಿಪಿಗೆ ಫೋನ್ ಮಾಡಿ. ದಕ್ಷಿಣ ಏಷ್ಯಾ ಮೂಲದವರು 25 ದಾಟಿದ ಮೇಲೆಯೇ ತಮ್ಮ ಅಪಾಯ ತಿಳಿದುಕೊಳ್ಳಬೇಕು ಎಂದು ಇಲ್ಲಿನ ಮಾರ್ಗಸೂಚಿಯೇ ಹೇಳುತ್ತದೆ, ನಿಮ್ಮ ಮಕ್ಕಳಿಗೂ ಹೇಳಿ. ಕಾಯಿಲೆ ಇದ್ದವರು ಎಚ್‌ಬಿಎ1ಸಿಯ ಜೊತೆಗೆ ಮೂತ್ರದ ಆಲ್ಬುಮಿನ್, ಬಿಪಿ, ಕೊಲೆಸ್ಟರಾಲ್, ಕಾಲು ಮತ್ತು ಕಣ್ಣಿನ ಪರೀಕ್ಷೆ ಬಾಕಿ ಇದೆಯೇ ಎಂದು ಈ ವಾರವೇ ವಿಚಾರಿಸಿ.